ಕೋಲಾರ ಸೀಮೆಯ ಬಾಳು ಮತ್ತು ಹೆಸರಿಲ್ಲದ ಕಮ್ಮಾರ

ಕೋಲಾರದ ಪ್ರಾಚೀನ ನಾಮ ಕುವಲಾಲ. ಗಂಗರು ತಲಕಾಡಿಗೆ ನೆಲೆ ಬದಲಿಸಿದ ಬಳಿಕವೂ ‘ಕುವಲಾಲಪುರವರೇಶ್ವರ’ ಎಂಬ ಬಿರುದನ್ನು ಬಿಡಲಿಲ್ಲ. ಆ ವಂಶದ ಮೂಲಪುರುಷ ಕೊಂಗುಣಿವರ್ಮನು ಖಡ್ಗದ ಒಂದೇ ಹೊಡೆತಕ್ಕೆ ಶಿಲಾಸ್ತಂಭವನ್ನು ತುಂಡರಿಸಿದನೆಂದು ಗಂಗರ ತಾಮ್ರಶಾಸನಗಳು ಹೊಗಳುತ್ತವೆ. ಇದನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಆ ಅಲಗನ್ನು ಬಡಿದವರು ಯಾರೆಂಬ ಪ್ರಶ್ನೆಯೇ ಶಾಸನಕಾರರಿಗೆ ಹೊಳೆಯಲಿಲ್ಲವೆಂಬುದು ವಿಚಾರಾರ್ಹ.

ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 10ನೆಯ ಸಂಪುಟ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಶಾಸನಗಳನ್ನು ಒಳಗೊಂಡಿದೆ. ಇಲ್ಲಿನ ವೀರಗಲ್ಲುಗಳಲ್ಲಿ ತುರುಗಾಳಗದಲ್ಲಿ ಮಡಿದವನು, ಅವನ ಒಡೆಯ, ಕೊಟ್ಟ ಭೂಮಿ ಇವೆಲ್ಲವೂ ದಾಖಲಾಗುತ್ತವೆ. ಗಂಗರ ಕಾಲದಲ್ಲಿ ವೀರನಿಗೆ ಕೊಡುವ ಭೂದಾನಕ್ಕೆ ‘ಬಾಳ್ಗಳ್ಚು’ ಎಂಬ ಹೆಸರೇ ಇತ್ತು. ಬಾಳನ್ನು ತೊಳೆಯುವುದು ಎಂದು ಅದರರ್ಥ. 10ನೆಯ ಶತಮಾನದ ಆತಕೂರು ಶಾಸನದಲ್ಲಿ ಬೂತುಗನು ಮಣಲೇರನಿಗೆ ಇಂಥ ದಾನವನ್ನೇ ಮಾಡಿದ್ದಾನೆ. ತೊಳೆದುದಕ್ಕೆ ಊರುಗಳೇ ದೊರೆತವು. ಕಾಯಿಸಿ ಬಡಿದು ಹದಗೊಳಿಸಿದವನಿಗೆ ದೊರೆತದ್ದು ಕಣದ ಆಯ ಮಾತ್ರ. ಆಯಗಾರರ ಸಾಲಿನಲ್ಲಿ ಅವನು ‘ಕಮ್ಮಾರ’; ವ್ಯಕ್ತಿನಾಮಕ್ಕೆ ಅಲ್ಲಿ ಎಡೆಯಿಲ್ಲ.

ವಿಜಯನಗರದ ಕಾಲಕ್ಕೆ ಬಂದರೂ ಸ್ಥಿತಿ ಬದಲಾಗಲಿಲ್ಲ. ಒಂದನೆಯ ಬುಕ್ಕನ ಮಗ ಕಂಪಣನು ಮುಳುವಾಯಿ ರಾಜ್ಯವನ್ನಾಳುತ್ತ ಮಧುರೆಯ ಸುಲ್ತಾನರ ಮೇಲೆ ದಂಡೆತ್ತಿ ಹೋದನು. ಅವನ ರಾಣಿ ಗಂಗಾದೇವಿಯ ‘ಮಧುರಾವಿಜಯ’ದಲ್ಲಿ ದೇವಿಯೊಬ್ಬಳು ಅವನಿಗೆ ದಿವ್ಯಖಡ್ಗವನ್ನೀಯುತ್ತಾಳೆ. ಅದನ್ನು ನಿರ್ಮಿಸಿದವನು ವಿಶ್ವಕರ್ಮ! ಕಾವ್ಯದಲ್ಲಿ ಕತ್ತಿ ಮಾಡಿದವನಿಗೆ ಕೊನೆಗೂ ಹೆಸರು ಬಂತು, ಆದರೆ ದೇವಶಿಲ್ಪಿಗೆ.

ಇದೇ ಕಾಲಾವಧಿಯ ಜಪಾನಿನ ಪದ್ಧತಿಯನ್ನು ಹೋಲಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. 16ನೆಯ ಶತಮಾನದ ಆದಿಯಲ್ಲಿ ಬಿಜೆನ್ ಪ್ರಾಂತ್ಯದ ಒಸಫುನೆ ಗ್ರಾಮದ ಸುಕೆಸದನಂಥ ಕಮ್ಮಾರರು ಹಿಡಿಯೊಳಗೆ ಸೇರುವ ಅಲಗಿನ ಬುಡದಲ್ಲಿ ಪ್ರಾಂತ್ಯ, ಊರು, ಹೆಸರು, ವರ್ಷ, ತಿಂಗಳುಗಳನ್ನು ಕೊರೆಯುತ್ತಿದ್ದರು. ಸುಕೆಸದ ಎಂಬ ಹೆಸರನ್ನು ಹಲವರು ಬಳಸಿದ್ದರಿಂದ, ವಿಶೇಷ ಬೇಡಿಕೆಯ ಕತ್ತಿಗಳಲ್ಲಿ ಸ್ವಂತದ ಹೆಸರನ್ನೂ ಸೇರಿಸುವ ವಾಡಿಕೆಯಿತ್ತು. ಹಿಡಿಯನ್ನು ಕಳಚಿದರೆ ಮಾತ್ರ ಅದು ಕಾಣುತ್ತದೆ. ನಮ್ಮ ಅಲಗುಗಳ ಬುಡವನ್ನು ಹಿಡಿಯೊಳಗೆ ಅರಗು ಹಾಕಿ ಕೂರಿಸುತ್ತಿದ್ದರು.

ಕಚ್ಚಾವಸ್ತುವಿನಲ್ಲಿ ಎರಡೂ ನಾಡುಗಳು ಅಷ್ಟೇನೂ ದೂರವಿಲ್ಲ. ಜಪಾನಿನವರು ಕಬ್ಬಿಣದ ಮರಳನ್ನು ಕುಲುಮೆಯಲ್ಲಿ ಕರಗಿಸುತ್ತಿದ್ದರು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಮಧುಗಿರಿ, ಚನ್ನರಾಯನದುರ್ಗಗಳ ಕಡೆ ಮಳೆನೀರು ಹೊತ್ತು ತರುವ ಕಪ್ಪು ಮರಳಿನಿಂದಲೇ ಕಬ್ಬಿಣ ತೆಗೆಯುತ್ತಿದ್ದುದನ್ನು ವರ್ಣಿಸಿದ್ದಾನೆ. ಮುಂದಿನ ಹಾದಿ ಬೇರೆ. ಜಪಾನಿನಲ್ಲಿ ಉಕ್ಕನ್ನು ಮಡಚಿ ಮಡಚಿ ಬಡಿದು, ಜೇಡಿ ಬಳಿದು, ಅಂಚು ಮಾತ್ರ ಗಡುಸಾಗುವಂತೆ ನೀರಿಗದ್ದುತ್ತಿದ್ದರು. ಇಲ್ಲಿ ಕಬ್ಬಿಣದ ತುಂಡಿನೊಡನೆ ತಂಗಡಿ ಕಡ್ಡಿಯನ್ನೂ ಹಸಿರೆಲೆಯನ್ನೂ ಮಣ್ಣಿನ ಮೂಸೆಯಲ್ಲಿಟ್ಟು ಬಾಯಿ ಮುಚ್ಚಿ, ತಿದಿಯೊತ್ತಿ ಕಾಯಿಸುತ್ತಿದ್ದರು. ಇಂಗಾಲ ಕಬ್ಬಿಣದೊಳಗಿಳಿದು ಉಕ್ಕಾಗುತ್ತಿತ್ತು. ಚನ್ನಪಟ್ಟಣದಲ್ಲಿ ಉಕ್ಕಿನಿಂದ ವಾದ್ಯಗಳ ತಂತಿಯನ್ನೂ ಎಳೆಯುತ್ತಿದ್ದರು. ಬುಕನನ್ನನ ವಿವರ ತುಮಕೂರು ಕಡೆಯದು. ಕೋಲಾರಕ್ಕೆ ಅದನ್ನು ಹಾಗೆಯೇ ಅನ್ವಯಿಸುವುದು ಸರಿಯಲ್ಲ. ತಂಗಡಿ ಮಾತ್ರ ಇಲ್ಲಿನ ಬೀಳುಗಳಲ್ಲೂ ಧಾರಾಳವಾಗಿ ಬೆಳೆಯುತ್ತದೆ.

1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಈ ಉಕ್ಕಿನ ಪರೀಕ್ಷೆಯನ್ನು ಪ್ರಕಟಿಸಿದಾಗ ಅದನ್ನು ‘ವೂಟ್ಸ್’ ಎಂದು ಕರೆದನು. ಕನ್ನಡದ ‘ಉಕ್ಕು’ ಶಬ್ದವೇ ಬರವಣಿಗೆಯಲ್ಲಿ ತಪ್ಪಾಗಿ ಹೀಗಾಯಿತೆಂಬುದು ಬಹುಜನ ವಿದ್ವಾಂಸರ ಮತ. ಫ್ಯಾರಡೆಯೂ ಇದನ್ನು ಪರಿಶೀಲಿಸಿದನು. ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಅವರ 2004ರ ಗ್ರಂಥ ದಕ್ಷಿಣದ ಮೂಸೆಯುಕ್ಕನ್ನು ವಿಸ್ತಾರವಾಗಿ ಚರ್ಚಿಸಿದೆ.

ಕೋಲಾರ ಸೀಮೆಯಲ್ಲಿ ಆಗಬೇಕಾದ ಕೆಲಸ ಎರಡು ಬಗೆಯದು. ಕೆರೆಯಂಗಳ ಹಾಗೂ ಹಳೆಯ ಊರಗದ್ದೆಗಳಲ್ಲಿ ದೊರೆಯುವ ಕಬ್ಬಿಣದ ಕಿಟ್ಟ ಮತ್ತು ಮೂಸೆಚೂರುಗಳನ್ನು ಗುರುತಿಸಿ ಪ್ರಯೋಗಾಲಯಕ್ಕೊಪ್ಪಿಸಬೇಕು. ವೀರಗಲ್ಲುಗಳ ಬಾಳು, ಸುರಿಗೆಗಳ ಉದ್ದ, ಬಾಗು, ಹಿಡಿಗಳ ಅಳತೆಯನ್ನು ಕಾಲಾನುಕ್ರಮವಾಗಿ ಪಟ್ಟಿಮಾಡಬೇಕು. ಶಾಸನದ ಪಾಠವನ್ನು ಓದಿದಷ್ಟೇ ಶ್ರದ್ಧೆಯಿಂದ ಅದರ ಮೇಲಿನ ಕತ್ತಿಯನ್ನು ನಾವು ಇದುವರೆಗೆ ನೋಡಿಲ್ಲ.