ಕಲ್ಲಿನ ವಯಸ್ಸು ಮತ್ತು ನಮ್ಮ ವಿಶ್ವಾಸ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಸೀಮೆಯ ನೆಲದಡಿ ಹರಡಿರುವ ನೈಸ್ ಎಂಬ ಪಟ್ಟೆಪಟ್ಟೆಯ ಕಲ್ಲು ಸುಮಾರು 300 ಕೋಟಿ ವರ್ಷ ಹಳೆಯದು. ಕಲ್ಲಿನೊಳಗಿನ ಜಿರ್ಕಾನ್ ಹರಳಿನಲ್ಲಿ ಎಷ್ಟು ಯುರೇನಿಯಂ ಸೀಸವಾಗಿದೆ ಎಂದು ಅಳೆದು ಭೂವಿಜ್ಞಾನಿಗಳು ಇಂತಹ ವಯಸ್ಸನ್ನು ತಿಳಿಯುತ್ತಾರೆ.

ಈ ಕಾಲ ನಮ್ಮ ಊಹೆಗೆ ನಿಲುಕದು. ವರ್ಷಕ್ಕೊಂದು ಮಿಲಿಮೀಟರಿನಂತೆ ಗೆರೆ ಎಳೆದರೆ, 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಮಡಿದದ್ದು ಒಂದು ಗೇಣು ಹಿಂದೆ. ಯೇಸುಸ್ವಾಮಿಯ ಜನನ ಎರಡು ಮೀಟರ್ ಹಿಂದೆ. ಈ ಕಲ್ಲು ಹುಟ್ಟಿದ್ದು 3,000 ಕಿಲೋಮೀಟರ್ ಹಿಂದೆ!

ಹಾಗಾದರೆ ಆದಿಕಾಂಡದ ಆರು ದಿನಗಳು ಸುಳ್ಳೇ? ಅಲ್ಲ. ಸೃಷ್ಟಿಕರ್ತರು ಯಾರೆಂದು ಅದು ಸಾರುತ್ತದೆ. ವರ್ಷಗಳ ಲೆಕ್ಕ ಕೊಡುವುದಿಲ್ಲ. ಮಾನವ ದೇಹದ ವಿಕಾಸವನ್ನು ಅಧ್ಯಯನ ಮಾಡಬಹುದು, ಆತ್ಮವನ್ನು ಮಾತ್ರ ದೇವರೇ ನೇರವಾಗಿ ಸೃಷ್ಟಿಸುತ್ತಾರೆ ಎಂದು 1950ರಲ್ಲಿ ಜಗದ್ಗುರು ಹನ್ನೆರಡನೇ ಪಿಯುಸ್ ಬೋಧಿಸಿದರು. ವಿಕಾಸವಾದ ಬರೀ ಊಹೆಯಲ್ಲ ಎಂದು 1996ರಲ್ಲಿ ಸಂತ ಎರಡನೇ ಜಾನ್ ಪಾಲ್ ಹೇಳಿದರು. ಧರ್ಮೋಪದೇಶ ತರಗತಿಯಲ್ಲಿ ಮಕ್ಕಳು ಈ ಪ್ರಶ್ನೆ ಎತ್ತಿದರೆ ಶಾಲೆಯ ಪಾಠವನ್ನು ನಾವು ಅಲ್ಲಗಳೆಯಬೇಕಿಲ್ಲ.