ಅಳಿಸಿದ ಹೆಸರು, ಉಳಿಸಿದ ಹೆಸರು

ಫರೋಹ ಎಂದೊಡನೆ ನಮಗೆ ನೆನಪಾಗುವುದು ವಿಮೋಚನಾಕಾಂಡ. ಇಸ್ರಯೇಲರನ್ನು ಬಿಟ್ಟಿ ದುಡಿಸಿ ಉಗ್ರಾಣ ನಗರಗಳನ್ನು ಕಟ್ಟಿಸಿದ ಆ ಅರಸನ ಹೆಸರನ್ನು ಬೈಬಲ್ ಹೇಳುವುದಿಲ್ಲ. ಆತ ಎರಡನೆಯ ರಾಮ್ಸೇಸ್ ಇರಬಹುದೆಂಬುದು ಹಲವು ವಿದ್ವಾಂಸರ ಊಹೆ. ಕ್ರಿಸ್ತಪೂರ್ವ 13ನೆಯ ಶತಮಾನದಲ್ಲಿ 66 ವರ್ಷ ಆಳಿದ ರಾಮ್ಸೇಸ್, ಅಬು ಸಿಂಬೆಲ್‌ನಲ್ಲಿ ಬೆಟ್ಟ ಕೊರೆಸಿ ಸುಮಾರು 20 ಮೀಟರ್ ಎತ್ತರದ ತನ್ನದೇ ನಾಲ್ಕು ಪ್ರತಿಮೆಗಳನ್ನು ನಿಲ್ಲಿಸಿದ. ಅಷ್ಟು ಸಾಲದೆಂಬಂತೆ, ಹಿಂದಿನ ಅರಸರ ಎಷ್ಟೋ ಪ್ರತಿಮೆಗಳ ಮೇಲೆ ಅವರ ಹೆಸರನ್ನು ಅಳಿಸಿ ತನ್ನ ಹೆಸರನ್ನು ಆಳವಾಗಿ ಕೆತ್ತಿಸಿದ.

ನಮ್ಮ ಧಾರವಾಡ ಜಿಲ್ಲೆಯ ಅಣ್ಣಿಗೇರಿಯಲ್ಲೂ ಅರಸರು ಕಲ್ಲಿನಲ್ಲಿ ಮಾತನಾಡಿದ್ದಾರೆ. ಚಾಲುಕ್ಯರ ಕಾಲದ ಅಮೃತೇಶ್ವರ ದೇವಾಲಯವನ್ನೂ ಅದರ 76 ಕಂಬಗಳನ್ನೂ ನೋಡಲು ದೂರದಿಂದ ಜನ ಬರುತ್ತಾರೆ. ಆದರೆ ನಾವಿಲ್ಲಿ ನೆನೆಯುವುದು ಅದಕ್ಕಿಂತ ಹಳೆಯದೊಂದು ಜೈನ ಬಸದಿಯನ್ನು.

10ನೆಯ ಶತಮಾನದಲ್ಲಿ ಬೆಳ್ವೊಲ ನಾಡನ್ನು ಆಳುತ್ತಿದ್ದ ಗಂಗ ಅರಸ ಬೂತುಗ ಅಣ್ಣಿಗೇರಿಯಲ್ಲಿ ಬಸದಿ ಕಟ್ಟಿಸಿದ. ಅದಕ್ಕೆ ಅವನ ಬಿರುದಿನಿಂದಲೇ ಗಂಗಪೆರ್ಮಾಡಿ ಬಸದಿ ಎಂಬ ಹೆಸರು ಬಂತು. ಮುಂದಿನ ಶತಮಾನದಲ್ಲಿ ಚೋಳರ ದಂಡು ಬೆಳ್ವೊಲಕ್ಕೆ ನುಗ್ಗಿ ಬಸದಿಗಳನ್ನು ಸುಟ್ಟಿತು. ಆ ಚೋಳ ಅರಸ ರಾಜಾಧಿರಾಜನೆಂದು ಇತಿಹಾಸಕಾರರು ಗುರುತಿಸುತ್ತಾರೆ. 1054ರಲ್ಲಿ ಕೊಪ್ಪಂ ಕಾಳಗದಲ್ಲಿ ಅವನೂ ಮಡಿದ. ಬಳಿಕ ಚಾಲುಕ್ಯರ ಅಧಿಕಾರಿ ಲಕ್ಷ್ಮರಸ ಬಸದಿಯನ್ನು ಜೀರ್ಣೋದ್ಧಾರ ಮಾಡಿಸಿದ. ಗಾವರವಾಡ ಮತ್ತು ಅಣ್ಣಿಗೇರಿಯ 1071-72ರ ಶಾಸನಗಳು ಈ ಕತೆಯನ್ನೆಲ್ಲ ಹೇಳುತ್ತವೆ.

ಇಲ್ಲೊಂದು ವಿಷಯವನ್ನು ಗಮನಿಸೋಣ. ಸುಟ್ಟ ಬಸದಿಯನ್ನು ಎತ್ತಿ ನಿಲ್ಲಿಸಿದ ಲಕ್ಷ್ಮರಸನ ಕೈಯಲ್ಲಿ ಅಧಿಕಾರವಿತ್ತು, ಕಲ್ಲಿತ್ತು, ಕವಿಯಿದ್ದ. ಬೂತುಗನ ವಂಶದ ಆಳ್ವಿಕೆ ಮುಗಿದು ಎಷ್ಟೋ ವರ್ಷವಾಗಿತ್ತು, ಕೇಳುವವರಿರಲಿಲ್ಲ. ಆದರೂ ಮೊದಲು ಕಟ್ಟಿಸಿದವನ ಹೆಸರು ಶಾಸನದಲ್ಲಿ ಉಳಿಯಿತು. ತನ್ನ ಹೆಸರನ್ನು ಅದರ ಮೇಲಲ್ಲ, ಅದರ ಮುಂದೆ ಬರೆಸಿದ.

ನಮ್ಮ ಊರುಗಳಲ್ಲೂ ಹಳೆಯ ಗುಡಿ, ಚರ್ಚು, ಶಾಲೆಗಳು ಹೊಸದಾಗುತ್ತಿವೆ. ಬಣ್ಣ ಬರುತ್ತದೆ, ಟೈಲ್ಸ್ ಬರುತ್ತದೆ, ದಾನಿಗಳ ಹೊಸ ಫಲಕ ಬರುತ್ತದೆ. ಆಗ ಹಳೆಯ ಅಡಿಗಲ್ಲು ಎಲ್ಲಿಗೆ ಹೋಯಿತು? ಜೋಳ ಮಾರಿ ಹಣ ಕೊಟ್ಟವರ, ಕಲ್ಲು ಹೊತ್ತವರ ಹೆಸರು ಎಲ್ಲಿ? ಹಿರಿಯರು ಇರುವಾಗಲೇ ಕೇಳಿ ಬರೆದಿಡೋಣ. ಹಳೆಯ ಕಲ್ಲನ್ನು ಹೊಸ ಗೋಡೆಯಲ್ಲೇ ಕೂರಿಸೋಣ.

ವಿಮೋಚನಾಕಾಂಡದ ಮೊದಲ ಅಧ್ಯಾಯ ಫರೋಹನ ಹೆಸರನ್ನು ಬರೆಯಲಿಲ್ಲ. ಅವನ ಆಜ್ಞೆ ಮೀರಿ ಗಂಡುಕೂಸುಗಳನ್ನು ಉಳಿಸಿದ ಇಬ್ಬರು ಸೂಲಗಿತ್ತಿಯರ ಹೆಸರನ್ನು ಮಾತ್ರ ಮರೆಯದೆ ಬರೆಯಿತು: ಶಿಫ್ರಾ, ಪೂಗಾ.