ಮಸ್ಕಿಯ ಖಾಲಿ ಕುರ್ಚಿ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. ನಮ್ಮಲ್ಲಿ ಅನೇಕರು ಆ ದಾರಿಯಲ್ಲಿ ಹಲವು ಬಾರಿ ಓಡಾಡಿರುತ್ತೇವೆ. ಆದರೆ ಊರಿನ ಬೆಟ್ಟದ ಬಂಡೆಯ ಬಳಿಗೆ ಹೋಗಿ ನಿಂತವರು ಕಡಿಮೆ. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಆ ಬಂಡೆಯ ಮೇಲಿನ ಬರಹವನ್ನು ಕಂಡುಹಿಡಿದರು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿದ್ದವೇ ಹೊರತು ಅರಸನ ಸ್ವಂತ ಹೆಸರಿರಲಿಲ್ಲ. ಮಸ್ಕಿಯ ಬಂಡೆಯ ಮೇಲೆ 'ಅಶೋಕ' ಎಂಬ ಹೆಸರು ಸ್ಪಷ್ಟವಾಗಿತ್ತು. ಮುಂದೆ ಬಳ್ಳಾರಿ ಸೀಮೆಯ ನಿಟ್ಟೂರು, ಉದೇಗೊಳಗಳಲ್ಲಿಯೂ ಆ ಹೆಸರು ದೊರೆಯಿತು. ಧರ್ಮದಿಂದ ನಡೆದರೆ ದೊಡ್ಡವನಂತೆ ಸಣ್ಣವನೂ ಉನ್ನತಿಯನ್ನು ಪಡೆಯಬಲ್ಲನು ಎಂಬುದು ಆ ಶಾಸನದ ಸಾರ.

ಈ ಅಶೋಕನ ಕೊನೆಯ ದಿನಗಳನ್ನು ಕುರಿತು 'ಅಶೋಕಾವದಾನ'ದಲ್ಲಿ ಒಂದು ಐತಿಹ್ಯವಿದೆ. ಮುಪ್ಪಿನಲ್ಲಿ, ಕಾಯಿಲೆಯಿಂದ ಹಾಸಿಗೆ ಹಿಡಿದ ಅರಸನು ಭಂಡಾರದ ಸಂಪತ್ತನ್ನೆಲ್ಲ ಭಿಕ್ಷುಸಂಘಕ್ಕೆ ದಾನ ಮಾಡತೊಡಗಿದನಂತೆ. ಬೊಕ್ಕಸ ಬರಿದಾದೀತೆಂದು ಹೆದರಿದ ಮಂತ್ರಿಗಳು, ಅರಸನ ಮಾತಿನ ಮೇಲೆ ಏನನ್ನೂ ಕೊಡಕೂಡದೆಂದು ಭಂಡಾರಿಗೆ ಕಟ್ಟಪ್ಪಣೆ ಮಾಡಿಸಿದರಂತೆ. ಕೊನೆಗೆ ಚಕ್ರವರ್ತಿಯ ಕೈಯಲ್ಲಿ ಉಳಿದದ್ದು ಅರ್ಧ ನೆಲ್ಲಿಕಾಯಿ. ಅದನ್ನೂ ಅವನು ಸಂಘಕ್ಕೆ ಕಳುಹಿಸಿದನಂತೆ. ಇದು ಕಥೆ, ಚರಿತ್ರೆಯಲ್ಲ. ಆದರೂ ಕಥೆ ಎತ್ತುವ ಪ್ರಶ್ನೆ ನಿಜವಾದದ್ದು: ಅಧಿಕಾರ ಕೈಬಿಟ್ಟುಹೋಗುತ್ತಿರುವ ಹೊತ್ತಿನಲ್ಲಿ ಆಳುವವನು ಏನು ಕೊಡಬಹುದು, ಏನು ಕೊಡಬಾರದು? ಅದನ್ನು ನೋಡಿಕೊಳ್ಳಬೇಕಾದವರು ಯಾರು?

ಅರಸರ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರ ಅರಮನೆಯ ಒಳಗೇ ಇತ್ತು. ಲಿಂಗಸುಗೂರಿನ ಹಿರಿಯರನ್ನು ಕೇಳಿ ನೋಡಿ. ನಿಜಾಮರ ಆಡಳಿತದಲ್ಲಿ ತಮ್ಮ ಊರು ಜಿಲ್ಲಾ ಕೇಂದ್ರವಾಗಿತ್ತೆಂದು ಹೇಳುತ್ತಾರೆ. 1905ರಲ್ಲಿ ಆ ಜಿಲ್ಲೆಯನ್ನು ರದ್ದುಪಡಿಸಿ ಲಿಂಗಸುಗೂರನ್ನು ರಾಯಚೂರಿಗೆ ಸೇರಿಸಲಾಯಿತು. ಏಕೆ ಎಂದು ಕೇಳಲು ಜನರೆಲ್ಲ ಮತ ಹಾಕಿ ಆರಿಸಿದ ಸದನವೊಂದು ಆಗ ಇರಲಿಲ್ಲ. ಅಂಥ ಸದನ ನಮ್ಮ ಭಾಗಕ್ಕೆ ದೊರೆತದ್ದು 1952ರ ಹೈದರಾಬಾದ್ ವಿಧಾನಸಭೆಯ ಚುನಾವಣೆಯಿಂದ. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ನಮ್ಮ ಪ್ರತಿನಿಧಿಗಳು ಬೆಂಗಳೂರಿನ ಸದನದಲ್ಲಿ ಕುಳಿತರು.

ಆ ಸದನದ ಅಧಿಕಾರ ಚಿಕ್ಕದಲ್ಲ. ಮಂತ್ರಿಮಂಡಲವು ಒಟ್ಟಾಗಿ ವಿಧಾನಸಭೆಗೆ ಉತ್ತರ ಹೇಳಬೇಕೆಂದು ಸಂವಿಧಾನದ 164ನೆಯ ವಿಧಿ ಹೇಳುತ್ತದೆ. ಸದನದ ಒಪ್ಪಿಗೆಯಿಲ್ಲದೆ ಬೊಕ್ಕಸದಿಂದ ಹಣ ತೆಗೆಯುವಂತಿಲ್ಲ. ಶಾಸಕನು ಚುಕ್ಕೆ ಗುರುತಿನ ಪ್ರಶ್ನೆ ಕೇಳಿದರೆ ಮಂತ್ರಿಯು ಎದ್ದುನಿಂತು ಉತ್ತರಿಸಬೇಕು. ಖರ್ಚಾದ ಹಣವನ್ನು ಸಾರ್ವಜನಿಕ ಲೆಕ್ಕಪತ್ರ ಸಮಿತಿ ಪರಿಶೀಲಿಸುತ್ತದೆ. ಆದರೆ ಸರ್ಕಾರವೊಂದರ ಅವಧಿ ಮುಗಿಯುತ್ತ ಬಂದಾಗ ಈ ಕಾವಲು ಸಡಿಲವಾಗುತ್ತದೆ. ಶಾಸಕರ ಮನಸ್ಸು ಚುನಾವಣೆಯ ಕಡೆಗೆ ತಿರುಗಿರುತ್ತದೆ. ಸದನ ಸೇರುವುದೇ ಅಪರೂಪವಾಗುತ್ತದೆ. ಕಡತಗಳ ಮೇಲೆ ಸಹಿ ಬೀಳುವುದು ಮಾತ್ರ ನಿಲ್ಲುವುದಿಲ್ಲ. ಬಹುಮತ ಕಳೆದುಕೊಂಡು ಕೆಲವು ದಿನ ಮುಂದುವರಿಯುವ ಸರ್ಕಾರವನ್ನು ನಾವು ಉಸ್ತುವಾರಿ ಸರ್ಕಾರ ಎನ್ನುತ್ತೇವೆ. ಸಂವಿಧಾನದಲ್ಲಿ ಆ ಹೆಸರೇ ಇಲ್ಲ. ಅದರ ಎಲ್ಲೆಯನ್ನು ಕಾಯುವುದು ಬಹುಮಟ್ಟಿಗೆ ಸಂಪ್ರದಾಯ ಮತ್ತು ಆಳುವವರ ಆತ್ಮಸಾಕ್ಷಿ.

ಮಸ್ಕಿ ತಾಲ್ಲೂಕಿನ ಹುಟ್ಟನ್ನೇ ನೋಡಿ. 2013ರ ಫೆಬ್ರವರಿಯಲ್ಲಿ ಮುಖ್ಯಮಂತ್ರಿ ಜಗದೀಶ ಶೆಟ್ಟರ್ ಅವರು ತಮ್ಮ ಆಯವ್ಯಯ ಭಾಷಣದಲ್ಲಿ 43 ಹೊಸ ತಾಲ್ಲೂಕುಗಳನ್ನು ಘೋಷಿಸಿದರು. ಮಸ್ಕಿಯೂ ಆ ಪಟ್ಟಿಯಲ್ಲಿತ್ತು. ಊರಿನಲ್ಲಿ ಹರ್ಷವಾಯಿತು. ಮೂರೇ ತಿಂಗಳಲ್ಲಿ ಚುನಾವಣೆ ನಡೆದು ಆ ಸರ್ಕಾರ ಹೋಯಿತು. ಅದರೊಂದಿಗೆ ಘೋಷಣೆಯೂ ಕಡತದೊಳಗೆ ಮಲಗಿತು. 2017ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು 49 ತಾಲ್ಲೂಕುಗಳನ್ನು ಘೋಷಿಸಿದರು. ಅದೂ ಮುಂದಿನ ಚುನಾವಣೆಗೆ ಸುಮಾರು ಒಂದು ವರ್ಷ ಇರುವಾಗ. ಕೊನೆಗೆ 2018ರಲ್ಲಿ ಮಸ್ಕಿ ತಾಲ್ಲೂಕು ಕಾರ್ಯಾರಂಭ ಮಾಡಿತು. ಪಕ್ಷ ಯಾವುದೇ ಇರಲಿ, ಅವಧಿಯ ಸಂಜೆಯಲ್ಲಿ ಕೊಡುವ ಮಾತಿಗೂ ಅದು ನೆರವೇರುವುದಕ್ಕೂ ನಡುವೆ ಎಷ್ಟು ದೂರವಿದೆ ಎಂಬುದನ್ನು ಮಸ್ಕಿಯ ಜನ ಐದು ವರ್ಷ ಕಾದು ಕಲಿತರು.

ಈಗ 2019ರ ಜುಲೈ ತಿಂಗಳನ್ನು ನೆನಪಿಸಿಕೊಳ್ಳಿ. ಎಚ್.ಡಿ. ಕುಮಾರಸ್ವಾಮಿಯವರ ಮೈತ್ರಿ ಸರ್ಕಾರಕ್ಕೆ ಆಗ ಹದಿನಾಲ್ಕು ತಿಂಗಳು. ನಮ್ಮ ಮೂರು ಊರುಗಳು ಆ ಸರ್ಕಾರದ ಎದುರು ಮೂರು ಬೇರೆ ಬೇರೆ ನೆಲೆಗಳಲ್ಲಿ ನಿಂತಿದ್ದವು. ಸಿಂಧನೂರಿನ ಶಾಸಕ ವೆಂಕಟರಾವ್ ನಾಡಗೌಡರು ಪಶುಸಂಗೋಪನಾ ಸಚಿವರು. ಎಂದರೆ ಆ ಊರು ಸರ್ಕಾರದ ಒಳಗೇ ಇತ್ತು. ಲಿಂಗಸುಗೂರಿನ ಶಾಸಕ ಡಿ.ಎಸ್. ಹೂಲಗೇರಿಯವರು ಆಡಳಿತ ಪಕ್ಷದ ಸಾಲಿನಲ್ಲಿದ್ದರು. 2018ರಲ್ಲಿ ಕೇವಲ 213 ಮತಗಳ ಅಂತರದಿಂದ ಕಾಂಗ್ರೆಸ್ಸಿನಿಂದ ಗೆದ್ದಿದ್ದ ಮಸ್ಕಿಯ ಶಾಸಕ ಪ್ರತಾಪಗೌಡ ಪಾಟೀಲರು ಜುಲೈ 6ರಂದು ಇತರ ಶಾಸಕರೊಂದಿಗೆ ರಾಜೀನಾಮೆ ಕೊಟ್ಟಿದ್ದರು.

ಮುಂದಿನದು ನಿಮಗೆ ತಿಳಿದದ್ದೇ. ರಾಜೀನಾಮೆ ಕೊಟ್ಟವರನ್ನು ಸದನಕ್ಕೆ ಬರುವಂತೆ ಬಲವಂತ ಮಾಡಬಾರದೆಂದು ಜುಲೈ 17ರಂದು ಸುಪ್ರೀಂ ಕೋರ್ಟ್ ಹೇಳಿತು. ಮರುದಿನ ಮುಖ್ಯಮಂತ್ರಿಗಳು ವಿಶ್ವಾಸಮತ ಕೇಳಿದರು. ಚರ್ಚೆ ದಿನದಿಂದ ದಿನಕ್ಕೆ ಮುಂದುವರಿಯಿತು. ರಾಜ್ಯಪಾಲ ವಜುಭಾಯಿ ವಾಲಾ ಅವರು 19ರ ಮಧ್ಯಾಹ್ನದೊಳಗೆ ಮತ ಮುಗಿಸಬೇಕೆಂದು ಪತ್ರ ಬರೆದರು. ಆ ಗಡುವು ಮೀರಿದಾಗ ಅದೇ ದಿನದೊಳಗೆ ಮುಗಿಸಬೇಕೆಂದು ಇನ್ನೊಂದು ಪತ್ರ ಬಂದಿತು. ಎರಡೂ ಗಡುವುಗಳು ದಾಟಿದವು. ಸದನದ ಹೊತ್ತನ್ನು ಗೊತ್ತುಪಡಿಸುವವರು ಯಾರು, ರಾಜಭವನವೋ ಸಭಾಧ್ಯಕ್ಷರ ಪೀಠವೋ ಎಂಬ ವಾದ ನಡೆಯಿತು. ಜುಲೈ 23ರ ಸಂಜೆ ಮತಗಳನ್ನು ಎಣಿಸಿದಾಗ ಸರ್ಕಾರದ ಪರ 99, ವಿರುದ್ಧ 105. ಸರ್ಕಾರ ಬಿದ್ದಿತು.

ಬಿದ್ದ ಮರುದಿನವೇ ಕುಮಾರಸ್ವಾಮಿಯವರು ಒಂದು ವಿಷಯವನ್ನು ಪ್ರಕಟಿಸಿದರು: ಕರ್ನಾಟಕ ಋಣಪರಿಹಾರ ಕಾಯ್ದೆ ಜಾರಿಗೆ ಬಂದಿದೆ. ಭೂಮಿಯಿಲ್ಲದ ಕೂಲಿಕಾರರು, ಎರಡು ಹೆಕ್ಟೇರಿನೊಳಗಿನ ಸಣ್ಣ ರೈತರು, ವರ್ಷಕ್ಕೆ 1.2 ಲಕ್ಷ ರೂಪಾಯಿಯೊಳಗೆ ಆದಾಯವಿರುವ ಬಡವರು ಖಾಸಗಿಯವರಲ್ಲಿ ಮಾಡಿದ ಸಾಲದಿಂದ ಒಂದು ಬಾರಿಗೆ ಬಿಡುಗಡೆ ಹೊಂದಲು 90 ದಿನಗಳೊಳಗೆ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದೆಂಬುದು ಅದರ ತಿರುಳು. ಮಸ್ಕಿ ಸೀಮೆಯಲ್ಲಿ ಆ ಕಚೇರಿ ಇರುವುದು ಲಿಂಗಸುಗೂರಿನಲ್ಲಿ. ಬಿತ್ತನೆಗೆಂದೋ ಮದುವೆಗೆಂದೋ ಕೊರಳಿನ ತಾಳಿಯನ್ನು ಅಡವಿಟ್ಟ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟಿವೆ ಎಂಬುದನ್ನು ನಾನು ಹೇಳಬೇಕಿಲ್ಲ.

ಇದನ್ನು ಓದುವಾಗ ಕ್ರೈಸ್ತ ವಿಶ್ವಾಸಿಗೆ ಸಂತ ಲೂಕನ ಶುಭಸಂದೇಶದ ಹದಿನಾರನೆಯ ಅಧ್ಯಾಯ ನೆನಪಾಗದೆ ಇರದು. ಒಡೆಯನು ಲೆಕ್ಕ ಒಪ್ಪಿಸೆಂದು ಹೇಳಿ ಕೆಲಸದಿಂದ ತೆಗೆಯಲಿರುವಾಗ, ಮನೆವಾರ್ತೆಯವನು ತನ್ನ ಕೊನೆಯ ಗಳಿಗೆಯಲ್ಲಿ ಸಾಲಗಾರರನ್ನು ಕರೆದು ಒಬ್ಬನ ನೂರು ಅಳತೆ ಎಣ್ಣೆಯನ್ನು ಐವತ್ತಕ್ಕೂ ಇನ್ನೊಬ್ಬನ ನೂರು ಅಳತೆ ಗೋಧಿಯನ್ನು ಎಂಬತ್ತಕ್ಕೂ ಇಳಿಸಿ ಬರೆಯಿಸುತ್ತಾನೆ. ಸಾಲ ಇಳಿದವರಿಗೆ ಸಂತೋಷವೇ. ಆದರೆ ಅವನು ಇಳಿಸಿದ್ದು ತನ್ನದಲ್ಲದ ಲೆಕ್ಕವನ್ನು, ಒಡೆಯನಿಗೆ ತಿಳಿಯದಂತೆ.

ಹಾಗಾದರೆ 2019ರ ಋಣಪರಿಹಾರವೂ ಅಂಥದ್ದೇ? ಅಲ್ಲ. ಅದು ಬೀಳುತ್ತಿದ್ದ ಸರ್ಕಾರ ರಾತ್ರೋರಾತ್ರಿ ಬರೆದ ಆದೇಶವಲ್ಲ. ಶಾಸಕಾಂಗದ ಅಂಗೀಕಾರ ಪಡೆದು ರಾಷ್ಟ್ರಪತಿಗಳ ಅಂಕಿತಕ್ಕೆ ಹೋಗಿ, ಅದೇ ಜುಲೈ ತಿಂಗಳಲ್ಲಿ ಅಂಕಿತವಾಗಿ ಬಂದಿದ್ದ ಕಾನೂನು. ಕೊನೆಯ ದಿನ ಆದದ್ದು ಅದರ ಪ್ರಕಟಣೆ ಮಾತ್ರ. ಇಲ್ಲಿ ಒಡೆಯರೆಂದರೆ ಜನರು. ಜನರ ಪರವಾಗಿ ಸದನವು ಆ ಲೆಕ್ಕವನ್ನು ಮೊದಲೇ ನೋಡಿತ್ತು.

ಈ ವ್ಯತ್ಯಾಸದ ಬೆಲೆ ಎರಡೇ ದಿನಗಳಲ್ಲಿ ತಿಳಿಯಿತು. ಜುಲೈ 26ರಂದು ಬಿ.ಎಸ್. ಯಡಿಯೂರಪ್ಪನವರು ಮುಖ್ಯಮಂತ್ರಿಯಾದೊಡನೆ, ಹಿಂದಿನ ಸರ್ಕಾರ ಆ ತಿಂಗಳು ಹೊರಡಿಸಿ ಇನ್ನೂ ಜಾರಿಯಾಗದಿದ್ದ ವರ್ಗಾವಣೆ ಮತ್ತು ಹೊಸ ಕಾಮಗಾರಿಗಳ ಆದೇಶಗಳನ್ನು ಮರುಪರಿಶೀಲನೆಯವರೆಗೆ ತಡೆಹಿಡಿಯಲಾಯಿತು. ಒಂದು ಸುತ್ತೋಲೆ ಸಾಕಾಯಿತು. ಕಾನೂನನ್ನು ಮಾತ್ರ ಸುತ್ತೋಲೆಯಿಂದ ತೆಗೆಯಲು ಬರುವುದಿಲ್ಲ. ಅದಕ್ಕೆ ಮತ್ತೆ ಸದನಕ್ಕೇ ಹೋಗಬೇಕು. ಅಷ್ಟೇ ಅಲ್ಲ, ಹಿಂದಿನ ಸರ್ಕಾರ ಸಿದ್ಧಪಡಿಸಿದ್ದ ಹಣಕಾಸು ಮಸೂದೆಗೆ ಹೊಸ ಮುಖ್ಯಮಂತ್ರಿಗಳೇ ಜುಲೈ 29ರಂದು ಸದನದ ಒಪ್ಪಿಗೆ ಪಡೆದರು. ಸಹಿಯಿಂದ ಮಾತ್ರ ನಿಂತದ್ದು ಸಹಿ ಹಾಕಿದವರೊಂದಿಗೆ ಹೋಗುತ್ತದೆ. ಸದನದ ಮೂಲಕ ಬಂದದ್ದು ಆಳುವವರು ಬದಲಾದರೂ ಉಳಿಯುತ್ತದೆ.

ಸದನಕ್ಕೆ ಇಷ್ಟು ಬೆಲೆಯಿದೆ ಎಂದಮೇಲೆ ಅಲ್ಲಿ ನಮ್ಮ ಕುರ್ಚಿ ಖಾಲಿಯಾದರೆ? ಮಸ್ಕಿಗೆ ಆದದ್ದು ಅದೇ. ಜುಲೈ 28ರಂದು ಸಭಾಧ್ಯಕ್ಷ ಕೆ.ಆರ್. ರಮೇಶ್ ಕುಮಾರ್ ಅವರು ಮಸ್ಕಿಯ ಶಾಸಕರೂ ಸೇರಿ 14 ಮಂದಿಯನ್ನು ಅನರ್ಹಗೊಳಿಸಿದರು. ಮೂವರನ್ನು 25ರಂದೇ ಅನರ್ಹಗೊಳಿಸಲಾಗಿತ್ತು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು. ಆದರೆ ಆ ವಿಧಾನಸಭೆಯ ಅವಧಿ ಮುಗಿಯುವವರೆಗೂ ಸ್ಪರ್ಧಿಸಬಾರದೆಂಬ ನಿರ್ಬಂಧವನ್ನು ತೆಗೆದುಹಾಕಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆಯಿತು. 2018ರ ಚುನಾವಣೆಯ ತಕರಾರು ಹೈಕೋರ್ಟಿನಲ್ಲಿ ಬಾಕಿಯಿದ್ದುದರಿಂದ ಮಸ್ಕಿ ಮತ್ತು ರಾಜರಾಜೇಶ್ವರಿನಗರಗಳಿಗೆ ಆಗ ಚುನಾವಣೆ ಬರಲಿಲ್ಲ. ರಾಜರಾಜೇಶ್ವರಿನಗರಕ್ಕೆ 2020ರ ನವೆಂಬರಿನಲ್ಲಿ ಬಂದಿತು. ಮಸ್ಕಿ ಮತ ಹಾಕಿದ್ದು 2021ರ ಏಪ್ರಿಲ್ 17ರಂದು.

ಆ ವರ್ಷದ ಮೇ 2ರಂದು ಫಲಿತಾಂಶ ಬರುವವರೆಗೆ 21 ತಿಂಗಳು ಮಸ್ಕಿಗೆ ಶಾಸಕರಿರಲಿಲ್ಲ. ಆ 21 ತಿಂಗಳುಗಳಲ್ಲಿ ಏನೇನು ನಡೆಯಿತೆಂದು ಎಣಿಸಿ ನೋಡಿ. 2019ರ ಆಗಸ್ಟಿನಲ್ಲಿ ಕೃಷ್ಣಾ ನದಿಯ ಮಹಾಪೂರ. ಆ ದಿನಗಳಲ್ಲಿ, ಆಗಸ್ಟ್ 20ರವರೆಗೆ, ಮುಖ್ಯಮಂತ್ರಿಗಳೊಬ್ಬರೇ ಇಡೀ ಮಂತ್ರಿಮಂಡಲವಾಗಿದ್ದರು. 2020ರಲ್ಲಿ ಕೊರೋನಾ, ಗುಳೆ ಹೋಗಿದ್ದ ನಮ್ಮ ಜನ ಊರಿಗೆ ಮರಳಿದ ಆ ಬೇಸಗೆ. 2020 ಮತ್ತು 2021ರ ಮಾರ್ಚ್ ತಿಂಗಳುಗಳಲ್ಲಿ ಎರಡು ಆಯವ್ಯಯಗಳು ಮಂಡನೆಯಾದವು. 2020ರ ನವೆಂಬರಿನಲ್ಲಿ ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಪಾಮನಕಲ್ಲೂರಿನಲ್ಲಿ ರೈತರು ಧರಣಿ ಕುಳಿತರು. ನೂರು ದಿನ ದಾಟಿದರೂ ಏಳಲಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆ ಸಿಂಧನೂರಿನ ಗದ್ದೆಗಳನ್ನು ಹಸಿರು ಮಾಡಿರುವುದನ್ನು ಕಣ್ಣಾರೆ ಕಾಣುವ ನೆರೆಯ ಒಣಭೂಮಿಯ ರೈತರು ಅವರು. ಅವರ ಪರವಾಗಿ ಮಸ್ಕಿಯ ಹೆಸರು ಹೇಳಿ ಸದನದಲ್ಲಿ ಎದ್ದುನಿಲ್ಲಬೇಕಾದ ಕುರ್ಚಿ ಖಾಲಿಯಾಗಿತ್ತು. ಪಕ್ಕದ ಕ್ಷೇತ್ರದವರು ಮಾತನಾಡಬಹುದು, ಮಾತನಾಡಿಯೂ ಇರಬಹುದು. ಆದರೆ ನೆರೆಯವನ ಬಾಯಿ ನಮ್ಮ ಬಾಯಿಯಲ್ಲ.

ಉಪಚುನಾವಣೆಯಲ್ಲಿ ಆ ಕಾಲುವೆಯೇ ಊರೂರಿನ ಮಾತಾಯಿತು. ಬಿಜೆಪಿಯಿಂದ ನಿಂತ ಪ್ರತಾಪಗೌಡ ಪಾಟೀಲರು ಕಾಂಗ್ರೆಸ್ಸಿನ ಬಸನಗೌಡ ತುರುವಿಹಾಳರ ಎದುರು 30 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. 2018ರಲ್ಲಿ ಇದೇ ಇಬ್ಬರು ಎದುರಾಳಿಗಳಾಗಿದ್ದರು, ಪಕ್ಷಗಳು ಮಾತ್ರ ಅದಲುಬದಲು. ಯಾರು ಗೆದ್ದರು, ಯಾರು ಸೋತರು ಎಂಬುದು ಈ ಲೇಖನದ ಕಾಳಜಿಯಲ್ಲ. 213 ಮತಗಳ ಅಂತರ 30 ಸಾವಿರ ದಾಟಿದ್ದು ಜನರು ತಾವೇ ಲೆಕ್ಕ ಕೇಳಿದರೆಂಬುದರ ಗುರುತು. ಆದರೆ ಲೆಕ್ಕ ಕೇಳಲು ಅವರು 21 ತಿಂಗಳು ಕಾಯಬೇಕಾಯಿತು ಎಂಬುದನ್ನು ಮರೆಯಬಾರದು.

ಹಳೆಯ ಒಡಂಬಡಿಕೆಯಲ್ಲಿ ಪ್ರವಾದಿ ಸಮುವೇಲನ ಬೀಳ್ಕೊಡುಗೆಯ ಪ್ರಸಂಗವೊಂದಿದೆ. ತಲೆ ನರೆತ ಆ ನ್ಯಾಯಾಧಿಪತಿ, ಹೊಸ ಅರಸನ ಸಮ್ಮುಖದಲ್ಲೇ ಜನರ ಮುಂದೆ ನಿಲ್ಲುತ್ತಾನೆ. ಯಾರ ಎತ್ತನ್ನಾದರೂ, ಯಾರ ಕತ್ತೆಯನ್ನಾದರೂ ಕಸಿದಿದ್ದೇನೆಯೇ, ಯಾರಿಂದಲಾದರೂ ಲಂಚ ತೆಗೆದುಕೊಂಡಿದ್ದೇನೆಯೇ ಎಂದು ತಾನಾಗಿಯೇ ಕೇಳುತ್ತಾನೆ. ಇದ್ದರೆ ಹಿಂದಿರುಗಿಸಲು ಸಿದ್ಧನಾಗಿರುತ್ತಾನೆ. ಜನರು ಇಲ್ಲವೆಂದು ಸಾಕ್ಷಿ ನುಡಿಯುತ್ತಾರೆ. ಅಧಿಕಾರದಿಂದ ಇಳಿಯುವವನಿಗೆ ಇದಕ್ಕಿಂತ ದೊಡ್ಡ ಗೌರವ ಯಾವುದಿದೆ? ಆದರೆ ಇನ್ನೊಂದು ಮಾತನ್ನೂ ಗಮನಿಸಿ: ಸಮುವೇಲನು ಕೇಳಿದಾಗ ಉತ್ತರ ಹೇಳಲು ಜನರು ಅಲ್ಲಿ ನೆರೆದಿದ್ದರು. ಜನರೇ ಬಾರದಿದ್ದರೆ ಆ ಲೆಕ್ಕ ಯಾರ ಮುಂದೆ ಒಪ್ಪಿತವಾಗುತ್ತಿತ್ತು?

ಆತ್ಮೀಯರೇ, ಪ್ರತಿ ಭಾನುವಾರದ ಬಲಿಪೂಜೆಯಲ್ಲಿ, ವಿಶ್ವಾಸಿಗಳ ಪ್ರಾರ್ಥನೆಯ ಹೊತ್ತಿನಲ್ಲಿ, ನಮ್ಮನ್ನು ಆಳುವವರಿಗಾಗಿ ಬೇಡುತ್ತೇವೆ. ಆ ಪ್ರಾರ್ಥನೆ ಚರ್ಚಿನ ಬಾಗಿಲಿಗೆ ಮುಗಿಯಬಾರದು. ಅವಧಿಯ ಕೊನೆಯಲ್ಲಿ ಊರಿಗೆ ಬಂದು ರಸ್ತೆಯನ್ನೋ ಕಾಲುವೆಯನ್ನೋ ಕಾಲೇಜನ್ನೋ ಕೊಡುತ್ತೇನೆನ್ನುವವರನ್ನು ಕಂಡು ಹಿಗ್ಗುವ ಮೊದಲು ವಿನಯದಿಂದಲೇ ಕೇಳೋಣ: ಇದಕ್ಕೆ ಸದನ ಹಣ ಒಪ್ಪಿದೆಯೇ? ನಾಳೆ ಬೇರೆಯವರು ಬಂದರೂ ಇದು ಉಳಿಯುತ್ತದೆಯೇ? ಐದು ವರ್ಷಗಳಲ್ಲಿ ನಮ್ಮ ಊರಿನ ಹೆಸರು ಸದನದಲ್ಲಿ ಎಷ್ಟು ಸಲ ಕೇಳಿಬಂದಿದೆ?

ಮಸ್ಕಿಯ ಬಂಡೆಯ ಮೇಲೆ ಅರಸನ ಹೆಸರು ಎರಡು ಸಾವಿರದ ಇನ್ನೂರು ವರ್ಷಗಳಿಗೂ ಮಿಗಿಲಾಗಿ ಉಳಿದಿದೆ. ಅದರ ಕೆಳಗಿನ ಊರಿನವರಿಗೆ ಇಪ್ಪತ್ತೊಂದು ತಿಂಗಳು ತಮ್ಮ ಹೆಸರು ಹೇಳುವವರಿರಲಿಲ್ಲ. ಮುಂದಿನ ಬಾರಿ ಆ ದಾರಿಯಲ್ಲಿ ಹೋಗುವಾಗ ಒಂದು ಗಳಿಗೆ ಬಸ್ಸಿಳಿದು ಆ ಬಂಡೆಯನ್ನು ನೋಡಿ, ಮಕ್ಕಳಿಗೂ ತೋರಿಸಿ. ಅರಸನ ಹೆಸರನ್ನು ಹೇಳಿಕೊಟ್ಟ ಮೇಲೆ, ನಮ್ಮ ಹೆಸರು ಹೇಳಬೇಕಾದ ಆ ಕುರ್ಚಿಯ ಕಥೆಯನ್ನೂ ಅವರಿಗೆ ಹೇಳಿ.